ಒಗರು, ಸೆಕೆ ಮತ್ತು ಬೆಲೆಚೀಟಿ

ಮುಂಗಾರು ಹತ್ತಿರವಾಗುತ್ತಿದ್ದಂತೆ ಮಲೆನಾಡಿನಲ್ಲೂ ಕರಾವಳಿಯಲ್ಲೂ ಕಾಸರಗೋಡಿನ ಅಡಿಕೆ ತೋಟಗಳಲ್ಲೂ ಫ್ರಾನ್ಸಿನ ಒಂದು ಊರಿನ ಹೆಸರು ಎಲ್ಲರ ಬಾಯಲ್ಲಿರುತ್ತದೆ. ಮೈಲುತುತ್ತ, ಸುಣ್ಣ ಬೆರೆಸಿ ಕೊಳೆರೋಗಕ್ಕೆ ಹೊಡೆಯುವ ಬೋರ್ಡೊ ದ್ರಾವಣ ಹುಟ್ಟಿದ್ದು ಅಡಿಕೆಗಾಗಿ ಅಲ್ಲ. 1882ರಲ್ಲಿ ಬೋರ್ಡೊದ ಸಸ್ಯವಿಜ್ಞಾನಿ ಪಿಯೇರ್ ಮಿಲಾರ್ದೆ ಮೆಡೊಕ್ ಸೀಮೆಯಲ್ಲಿ ಓಡಾಡುವಾಗ ರಸ್ತೆ ಬದಿಯ ದ್ರಾಕ್ಷಿ ಸಾಲುಗಳಿಗೆ ಮಾತ್ರ ನೀಲಿ ಬಳಿದಿದ್ದನ್ನು ಕಂಡರು. ದಾರಿಹೋಕರು ಹಣ್ಣು ಕದಿಯದಿರಲೆಂದು ತೋಟದವರು ಹೂಡಿದ್ದ ಉಪಾಯ ಅದು. ಬೂಜುರೋಗ ಸುತ್ತಲಿನ ಬಳ್ಳಿಗಳನ್ನೆಲ್ಲ ಬೋಳಿಸಿದ್ದರೂ ನೀಲಿ ಬಳಿದ ಸಾಲುಗಳಲ್ಲಿ ಎಲೆ ನಿಂತಿತ್ತು. 1885ರಲ್ಲಿ ಅವರು ಪ್ರಕಟಿಸಿದ ಆ ಪಾಕವನ್ನು ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ನಮ್ಮ ಅಡಿಕೆ ಗೊನೆಗಳಿಗೆ ಹೊಂದಿಸಿದರು.

ಬೋರ್ಡೊದ ಔಷಧಿ ಪೂರ್ವಕ್ಕೆ ಬರುವುದಕ್ಕೂ ಮುಕ್ಕಾಲು ಶತಮಾನ ಮೊದಲೇ ಅಲ್ಲಿನ ಬಳ್ಳಿ ಪಶ್ಚಿಮಕ್ಕೆ ಹೋಗಿತ್ತು. ಹೋಗಿ ಇಳಿದದ್ದು ಇವತ್ತು ನಾವು ಸಿನಿಮಾ ಮತ್ತು ಟ್ರಾಫಿಕ್ ಜಾಮ್‌ಗೆ ನೆನೆಯುವ ಲಾಸ್ ಏಂಜಲೀಸಿನಲ್ಲಿ. ಅಲ್ಲಿನ ಯೂನಿಯನ್ ಸ್ಟೇಶನ್ ರೈಲು ನಿಲ್ದಾಣದ ಬಳಿ ಈಗಲೂ ಒಂದು ರಸ್ತೆಗೆ ವೀನ್ಯ ಎಂಬ ಹೆಸರಿದೆ. ಬೋರ್ಡೊ ಸಮೀಪದ ಕಾದಿಯಾಕ್ ಊರಿನ ಜ್ಯಾಂ-ಲೂಯಿ ವೀನ್ಯ 1831ರಲ್ಲಿ, ಊರು ಇನ್ನೂ ಮೆಕ್ಸಿಕೋ ದೇಶಕ್ಕೆ ಸೇರಿದ್ದಾಗ, ಅಲ್ಲಿಗೆ ಬಂದ. ಲಾಸ್ ಏಂಜಲೀಸ್ ನದಿಯ ದಡದಲ್ಲಿ ಭಾರಿ ಸಿಕಮೋರ್ ಮರವೊಂದಿದ್ದ ಜಾಗ ಹಿಡಿದು, ಆ ಮರದ ಸ್ಪ್ಯಾನಿಶ್ ಹೆಸರಿನಲ್ಲೇ ತೋಟಕ್ಕೆ ಎಲ್ ಅಲಿಸೊ ಎಂದು ಹೆಸರಿಟ್ಟ. ದ್ರಾಕ್ಷಿ ಆ ನೆಲಕ್ಕೆ ಹೊಸದೇನಲ್ಲ. 1769ರಲ್ಲಿ ಸ್ಯಾನ್ ಡಿಯಾಗೊದಲ್ಲಿ ಮೊದಲ ಕ್ರೈಸ್ತ ಮಿಷನ್ ಎದ್ದ ಮೇಲೆ ಪಾದ್ರಿಗಳು ಪೂಜೆಯ ವೈನಿಗಾಗಿ ಉದ್ದಕ್ಕೂ ಬಳ್ಳಿ ನೆಡುತ್ತ ಬಂದಿದ್ದರು. ಮಿಷನ್ ದ್ರಾಕ್ಷಿ ಎಂದೇ ಹೆಸರಾದ ಆ ತಳಿ ಸ್ಪೇನಿನ ಲಿಸ್ತಾನ್ ಪ್ರಿಯೆತೊ ಎಂದು ಡಿಎನ್‌ಎ ಪರೀಕ್ಷೆ ಆಮೇಲೆ ಹೇಳಿತು. ಸಿಹಿ ಹೆಚ್ಚು, ಹುಳಿ ಕಡಿಮೆ, ಬಣ್ಣವೂ ಸಪ್ಪೆ. ಬೋರ್ಡೊ ಸೀಮೆಯಲ್ಲಿ ಬೆಳೆದವನ ನಾಲಿಗೆಗೆ ಅದು ಹಿಡಿಸಲಿಲ್ಲ. 1833ರ ಸುಮಾರಿಗೆ ಅವನು ತವರಿನಿಂದ ಎರಡು ತಳಿಯ ಕಡ್ಡಿಗಳನ್ನು ತರಿಸಿದನೆಂದು ಕ್ಯಾಲಿಫೋರ್ನಿಯಾದ ವೈನ್ ಚರಿತ್ರೆ ಹೇಳುತ್ತದೆ. ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ಸುತ್ತಿ ಹಡಗಿನಲ್ಲಿ ಬಂದ ಆ ತಳಿಗಳು ಕ್ಯಾಬರ್ನೆ ಫ್ರಾಂಕ್ ಮತ್ತು ಸೊವಿನ್ಯಾಂ ಬ್ಲಾಂಕ್.

ಈ ಜೋಡಿಯನ್ನು ನೆನಪಿಟ್ಟುಕೊಳ್ಳಿ. 1997ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಕ್ಯಾರೊಲ್ ಮೆರಿಡಿತ್ ಮತ್ತು ಜಾನ್ ಬವರ್ಸ್ ದ್ರಾಕ್ಷಿ ತಳಿಗಳ ಡಿಎನ್‌ಎ ಬೆರಳಚ್ಚು ಹೋಲಿಸುತ್ತಿದ್ದಾಗ ಜಗತ್ತಿನ ಅತಿ ಪ್ರಸಿದ್ಧ ಕೆಂಪು ವೈನ್ ದ್ರಾಕ್ಷಿಯಾದ ಕ್ಯಾಬರ್ನೆ ಸೊವಿನ್ಯಾಂನ ಅಪ್ಪ ಅಮ್ಮ ಸಿಕ್ಕಿಬಿದ್ದರು. ಒಂದು ಕಡೆ ಕ್ಯಾಬರ್ನೆ ಫ್ರಾಂಕ್, ಇನ್ನೊಂದು ಕಡೆ ಸೊವಿನ್ಯಾಂ ಬ್ಲಾಂಕ್. ಎರಡನೆಯದು ಬಿಳಿ ದ್ರಾಕ್ಷಿ! ಶತಮಾನಗಳ ಹಿಂದೆ ಬೋರ್ಡೊ ಕಡೆಯ ಯಾವುದೋ ತೋಟದಲ್ಲಿ ಯಾರೂ ಹೇಳದೆ ಕೇಳದೆ ನಡೆದ ಪರಾಗಸ್ಪರ್ಶದ ಫಲ ಅದು. ಅಂದರೆ ವೀನ್ಯ ತರಿಸಿದ್ದು ಆ ಕುಟುಂಬದ ಹಿರಿಯರಿಬ್ಬರನ್ನೇ. ಯಾರನ್ನು ತರಿಸುತ್ತಿದ್ದೇನೆಂದು ಅವನಿಗೆ ತಿಳಿಯುವ ಹಾಗಿರಲಿಲ್ಲ.

1855ರಲ್ಲಿ ಫ್ರಾನ್ಸಿನಲ್ಲಿ ಬೋರ್ಡೊದ ದೊಡ್ಡ ತೋಟಗಳಿಗೆ ದರ್ಜೆ ಕಟ್ಟಿದ ಪಟ್ಟಿ ಹೊರಬಂತು. ಲಫೀತ್, ಲಾತೂರ್, ಮಾರ್ಗೊ, ಓ-ಬ್ರಿಯಾಂಗಳನ್ನು ಇವತ್ತಿಗೂ ತಲೆಯ ಮೇಲೆ ಕೂರಿಸಿರುವ ಪಟ್ಟಿ. ಅದೇ ವರ್ಷ ವೀನ್ಯ ಎಲ್ ಅಲಿಸೊವನ್ನು ಬಂಧುಗಳಾದ ಸೆನ್ಸವೆನ್ ಸೋದರರಿಗೆ ಮಾರಿ ಕೈತೊಳೆದುಕೊಂಡ. ಲಾಸ್ ಏಂಜಲೀಸ್ ಆಗ ಕ್ಯಾಲಿಫೋರ್ನಿಯಾದ ವೈನಿನ ರಾಜಧಾನಿ. ನಗರದ ಲಾಂಛನದಲ್ಲಿ ಇಂದಿಗೂ ದ್ರಾಕ್ಷಿ ಗೊಂಚಲಿದೆ. 1880ರ ದಶಕದಲ್ಲಿ ಪಕ್ಕದ ಆನಹೈಮ್‌ನಲ್ಲಿ ಬಳ್ಳಿಗಳು ನಿಂತಲ್ಲೇ ಒಣಗತೊಡಗಿದವು. ತನಿಖೆಗೆ ಬಂದ ನ್ಯೂಟನ್ ಪಿಯರ್ಸ್ ಹೆಸರನ್ನೇ ರೋಗಕ್ಕೆ ಇಟ್ಟರು. ಬಳ್ಳಿಯೊಳಗಿನ ನೀರಿನ ಕೊಳವೆಗಳನ್ನು ಕಟ್ಟಿಸಿ ಕೊಲ್ಲುವ ಸೈಲೆಲ್ಲ ಎಂಬ ಬ್ಯಾಕ್ಟೀರಿಯ ಅದರ ಕಾರಣವೆಂದು ಗೊತ್ತಾಗಲು 20ನೇ ಶತಮಾನದ ಕೊನೆಯ ಭಾಗ ಬರಬೇಕಾಯಿತು. ರೋಗ ಉಳಿಸಿದ್ದನ್ನು ಕಿತ್ತಳೆ ತೋಟ ನುಂಗಿತು, ಕಿತ್ತಳೆಯನ್ನು ಸೈಟುಗಳು ನುಂಗಿದವು. ಈಗ ನಗರದೊಳಗೆ ಬೋರ್ಡೊ ಬಗೆಯ ವೈನ್ ಮಾಡುವ ಹೆಸರಾಂತ ತೋಟವೆಂದರೆ ಸಿನಿಮಾ ತಾರೆಯರ ಬೆಲ್ ಏರ್ ಬಡಾವಣೆಯ ಮೊರಾಗ. ನಾರ್ತ್ರಪ್ ವಿಮಾನ ಕಂಪನಿಯ ಮುಖ್ಯಸ್ಥರಾಗಿದ್ದ ಟಾಮ್ ಜೋನ್ಸ್ ಅಲ್ಲಿ ಕ್ಯಾಬರ್ನೆ, ಮೆರ್ಲೊ ನೆಟ್ಟರು. 1989ರ ಬೆಳೆ ಅದರ ಮೊದಲ ವೈನಾಯಿತು. 2013ರಲ್ಲಿ ಪತ್ರಿಕೋದ್ಯಮಿ ರೂಪರ್ಟ್ ಮರ್ಡೋಕ್ ಅದನ್ನು ಕೊಂಡರು. ಅಷ್ಟು ಬೆಲೆಯ ಜಾಗದಲ್ಲಿ ಮನೆ ಕಟ್ಟದೆ ದ್ರಾಕ್ಷಿ ಬೆಳೆಯುವುದು ಶ್ರೀಮಂತಿಕೆಯ ಪರಾಕಾಷ್ಠೆಯೋ ಹಟವೋ ಹೇಳುವುದು ಕಷ್ಟ.

ಬೋರ್ಡೊ ಕೆಂಪು ವೈನ್ ಸಾಮಾನ್ಯವಾಗಿ ಒಂದೇ ತಳಿಯದಲ್ಲ. ಕ್ಯಾಬರ್ನೆ ಸೊವಿನ್ಯಾಂ, ಮೆರ್ಲೊ, ಕ್ಯಾಬರ್ನೆ ಫ್ರಾಂಕ್ ಮುಖ್ಯ. ಪೆಟಿ ವೆರ್ದೊ ತುಸು. ರಸ ಬೆಳ್ಳಗೇ ಇರುತ್ತದೆ. ಬಣ್ಣ, ಒಗರು ಎರಡೂ ಬರುವುದು ಸಿಪ್ಪೆ ಮತ್ತು ಬೀಜದಿಂದ, ಅವು ರಸದ ಜೊತೆ ಹುದುಗುವಾಗ. ಆಮೇಲೆ 225 ಲೀಟರಿನ ಓಕ್ ಪೀಪಾಯಿಯಲ್ಲಿ ಒಂದು, ಒಂದೂವರೆ ವರ್ಷ. ಬಾಟಲಿಗೆ ತುಂಬಿದ ಹೊಸದರಲ್ಲಿ ಒಳ್ಳೆಯ ಬೋರ್ಡೊ ಒಂದು ಗುಟುಕು ಕುಡಿದರೆ ಬಾಯಿ ಒಣಗಿ, ಒಸಡು ಬಿಗಿದು, ನಾಲಿಗೆ ಅಂಗುಳಕ್ಕೆ ಅಂಟುತ್ತದೆ.

ಕನ್ನಡಿಗರಿಗೆ ಇದನ್ನು ವಿವರಿಸಬೇಕಿಲ್ಲ. ಎಳೆ ಅಡಿಕೆ ಅಗಿದವರಿಗೆ ಈ ಅನುಭವ ಗೊತ್ತು. ಹೋಲಿಕೆ ಬರೀ ಮೇಲ್ನೋಟದ್ದಲ್ಲ. ಮಲೆನಾಡಿನಲ್ಲಿ ಹಸಿ ಅಡಿಕೆ ಬೇಯಿಸಿದ ನೀರು ಗಾಢ ಕೆಂಪಾಗಿ ಚೊಗರಾಗುತ್ತದಲ್ಲ, ಅದರಲ್ಲಿರುವುದೂ ದ್ರಾಕ್ಷಿ ಬೀಜದಲ್ಲಿರುವುದೂ ಒಂದೇ ವಂಶದ ರಾಸಾಯನಿಕಗಳು: ಕ್ಯಾಟೆಚಿನ್ ಎಂಬ ಸಣ್ಣ ಅಣುಗಳು ಕೊಂಡಿ ಕೊಂಡಿಯಾಗಿ ಸೇರಿದ ಟ್ಯಾನಿನ್. ಅಡಿಕೆ ಬಲಿತಂತೆ ಟ್ಯಾನಿನ್ ಇಳಿಯುತ್ತದೆ. ದ್ರಾಕ್ಷಿ ಬೀಜವೂ ಮಾಗಿದಂತೆ ತನ್ನ ಒಗರನ್ನು ಬಿಟ್ಟುಕೊಡಲು ಹಿಂಜರಿಯುತ್ತದೆ. ಕೊಯ್ಲು ಯಾವಾಗ ಎಂಬ ಪ್ರಶ್ನೆ ತೀರ್ಥಹಳ್ಳಿಯ ಬೆಳೆಗಾರನಿಗೂ ಮೆಡೊಕ್‌ನವನಿಗೂ ಅದಕ್ಕೇ ಅಷ್ಟು ಮುಖ್ಯ.

ನಮ್ಮ ಎಂಜಲಿನಲ್ಲಿ ಪ್ರೋಲಿನ್ ಹೇರಳವಾಗಿರುವ ಪ್ರೋಟೀನುಗಳಿವೆ. ಬಾಯನ್ನು ಜಾರುವಂತೆ ಇಟ್ಟಿರುವುದರಲ್ಲಿ ಅವುಗಳ ಪಾಲು ದೊಡ್ಡದು. ಟ್ಯಾನಿನ್ ಅವಕ್ಕೆ ಅಂಟಿಕೊಂಡು ಅವನ್ನು ಗಸಿಯಾಗಿಸುತ್ತದೆ. ಜಾರುಗುಣ ಹೋಗುತ್ತದೆ, ಬಾಯಿಯ ಚರ್ಮಕ್ಕೆ ಚರ್ಮ ಉಜ್ಜುತ್ತದೆ. ಆದ್ದರಿಂದ ಬಹುಪಾಲು ವಿಜ್ಞಾನಿಗಳ ಲೆಕ್ಕದಲ್ಲಿ ಒಗರು ರುಚಿಯೇ ಅಲ್ಲ, ಸ್ಪರ್ಶ. ನಮ್ಮ ಆಯುರ್ವೇದ ಅದನ್ನು ಕಷಾಯ ಎಂದು ಆರು ರಸಗಳಲ್ಲಿ ಸೇರಿಸಿತು. ಪ್ರಯೋಗಾಲಯಗಳು ಅದನ್ನು ನಾಲಿಗೆಯ ರುಚಿಗ್ರಾಹಕಗಳಿಂದ ಬೇರೆ ಮಾಡಿ ನೋಡುತ್ತವೆ.

ಈ ಬೇರ್ಪಡಿಕೆಯ ಎರಡು ಕಡೆಯ ಕೆಲಸವೂ ಗಣನೀಯವಾಗಿ ನಡೆದದ್ದು ಸ್ಯಾನ್ ಡಿಯಾಗೊದ ಕಡಲಂಚಿನ ಲಾ ಹೋಯಾದಲ್ಲಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಲ್ಲಿನ ಕೇಂದ್ರದಲ್ಲಿ ಚಾರ್ಲ್ಸ್ ಜೂಕರ್ ಅವರ ತಂಡ 2000ದ ಆಸುಪಾಸಿನಲ್ಲಿ ಸಿಹಿ ಮತ್ತು ಕಹಿಯ ಗ್ರಾಹಕಗಳನ್ನು ಗುರುತಿಸಿತು. ಸಿಹಿಗೆ ಒಂದು ಜೋಡಿ ಪ್ರೋಟೀನ್ ಸಾಕು. ಕಹಿಗೆ ಮಾತ್ರ ಮನುಷ್ಯನಲ್ಲಿ ಸುಮಾರು 25 ಬಗೆ. ವಿಷ ಹಲವು ರೂಪದಲ್ಲಿ ಬರುತ್ತದೆ, ಕಾವಲುಗಾರರೂ ಹಲವರು ಬೇಕು. ಅದೇ ಊರಿನ ಸ್ಕ್ರಿಪ್ಸ್ ರಿಸರ್ಚ್ ಸಂಸ್ಥೆಯ ಆರ್ಡೆಮ್ ಪಟಪೂಟಿಯನ್ ಸ್ಪರ್ಶದ ಬೆನ್ನು ಹತ್ತಿದ್ದರು. ಜೀವಕೋಶವೊಂದನ್ನು ಸಣ್ಣ ಗಾಜಿನ ಮೊನೆಯಿಂದ ಒತ್ತಿದರೆ ಅದರಲ್ಲಿ ವಿದ್ಯುತ್ ಹರಿಯುತ್ತಿತ್ತು. ಯಾವ ಜೀನ್ ಇದಕ್ಕೆ ಕಾರಣ? 72 ಜೀನುಗಳ ಪಟ್ಟಿ ಮಾಡಿ ಒಂದೊಂದಾಗಿ ಬಾಯಿ ಮುಚ್ಚಿಸುತ್ತ ಹೋದರು. ಕಟ್ಟಕಡೆಯದನ್ನು ಮುಚ್ಚಿಸಿದಾಗ ವಿದ್ಯುತ್ ನಿಂತಿತು. 2010ರಲ್ಲಿ ಪಿಯೆಜೊ ಎಂಬ ಹೆಸರಿನಲ್ಲಿ ಲೋಕಕ್ಕೆ ಬಂದ ಈ ಒತ್ತಡಗ್ರಾಹಕಕ್ಕಾಗಿ 2021ರಲ್ಲಿ ಅವರಿಗೆ ನೊಬೆಲ್ ಪಾಲು ಸಿಕ್ಕಿತು. ಅವರು ವೈನ್ ಬಗ್ಗೆ ಸಂಶೋಧನೆ ಮಾಡಿದವರಲ್ಲ. ಆದರೆ ವೈನಿನ ಮೈ ಹೇಗಿದೆ, ರೇಷ್ಮೆಯಂತಿದೆಯೋ ಗರಗರ ಎನ್ನುತ್ತದೆಯೋ ಎಂದು ರುಚಿಗಾರರು ತೂಗುವಾಗ ಅವರು ಮಾತಾಡುತ್ತಿರುವುದು ಸ್ಪರ್ಶದ ಭಾಷೆಯನ್ನೇ.

ಇನ್ನು ಮಾಗುವುದು. ಬಾಟಲಿ ಮುಚ್ಚಿದ ಮೇಲೆ ಒಳಗೆ ಏನೂ ನಡೆಯುವುದಿಲ್ಲವೆಂದು ತೋರುತ್ತದೆ. ನಿಜಕ್ಕೂ ಅಲ್ಲಿ ಬಿಡುವಿಲ್ಲ. ಹೊಸ ವೈನಿನ ನೇರಳೆಗೆಂಪು ಬಣ್ಣ ಆಂಥೊಸಯಾನಿನ್ ಅಣುಗಳದ್ದು. ಬಿಡಿಬಿಡಿಯಾಗಿ ಇವು ಹೆಚ್ಚು ಬಾಳುವುದಿಲ್ಲ. ಕೆಲವೇ ವರ್ಷಗಳಲ್ಲಿ ಬಹುಪಾಲು ಕಾಣೆಯಾಗುತ್ತವೆ. ಕಾಣೆಯಾಗುವುದೆಂದರೆ ಕೆಲವು ಒಡೆಯುತ್ತವೆ, ಹಲವು ಟ್ಯಾನಿನ್ನಿಗೆ ಗಂಟುಬೀಳುತ್ತವೆ. ಗಂಟುಬಿದ್ದ ಬಣ್ಣ ಗಟ್ಟಿ. ಅದು ಮೆಲ್ಲಗೆ ದಾಳಿಂಬೆಯಿಂದ ಇಟ್ಟಿಗೆಯ ಕಡೆಗೆ ಸರಿಯುತ್ತದೆ. ತೀರ ದೊಡ್ಡದಾದ ಗಂಟುಗಳು ಗಸಿಯಾಗಿ ತಳಕ್ಕಿಳಿಯುತ್ತವೆ. ಹಳೆಯ ಬೋರ್ಡೊವನ್ನು ಕುಡಿಯುವ ಹಿಂದಿನ ದಿನ ನೆಟ್ಟಗೆ ನಿಲ್ಲಿಸಿ, ಬೆಳಕಿಗೆ ಹಿಡಿದು, ಗಸಿ ಕತ್ತಿಗೆ ಬರುವ ಮೊದಲೇ ನಿಲ್ಲಿಸುವಂತೆ ಬೇರೆ ಪಾತ್ರೆಗೆ ಬಸಿಯುವುದು ಇದಕ್ಕೇ. ಆಡಂಬರವೆಂದು ನಗಬೇಕಿಲ್ಲ, ಗಸಿ ಬಾಯಿಗೆ ಸಿಕ್ಕರೆ ಕಹಿ.

ಒಗರು ಮೆತ್ತಗಾಗುವುದು ಯಾಕೆ? ಟ್ಯಾನಿನ್ ಸರಪಳಿ ಬೆಳೆದು ಬೆಳೆದು ಕೆಳಗೆ ಬೀಳುತ್ತದೆ, ಅದಕ್ಕೇ ಎಂದು ಬಹಳ ಕಾಲ ಪುಸ್ತಕಗಳು ಹೇಳುತ್ತಿದ್ದವು. ಅದು ಅರ್ಧ ಕತೆ. ವೈನಿನ ಹುಳಿ, ಅದರ ಪಿಎಚ್ 3.5ರ ಆಸುಪಾಸು, ಟ್ಯಾನಿನ್ ಕೊಂಡಿಗಳನ್ನು ಕತ್ತರಿಸುತ್ತಲೂ ಇರುತ್ತದೆ. ತುಂಡುಗಳು ಮತ್ತೆ ಯಾವುದಕ್ಕೋ ಸೇರುತ್ತವೆ, ಬಣ್ಣದ ಅಣುವಿಗೆ ಸೇರಿದಾಗ ಎಂಜಲಿನ ಪ್ರೋಟೀನ್ ಹಿಡಿಯುವ ಶಕ್ತಿ ಕುಂದುತ್ತದೆ. ಕಟ್ಟುವುದು, ಒಡೆಯುವುದು ಎರಡೂ ಒಟ್ಟಿಗೆ. ಇದಕ್ಕೆ ಬೇಕಾದ ಚೂರೇ ಚೂರು ಆಮ್ಲಜನಕ ಕಾರ್ಕ್ ಮೂಲಕ ನುಸುಳುತ್ತದೆ. ಒಳ್ಳೆಯ ಕಾರ್ಕಿನಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 1 ಮಿಲಿಗ್ರಾಂ. ಹೆಚ್ಚಾದರೆ ವೈನ್ ಕೆಡುತ್ತದೆ. ಹೊಸದರ ಹಣ್ಣಿನ ವಾಸನೆಯ ಎಸ್ಟರುಗಳು ಮಾಯವಾಗಿ ಒಣ ಎಲೆ, ತೊಗಲು, ದೇವದಾರು ನೆನಪಿಸುವ ಪರಿಮಳ ಬರುವುದೂ ಈ ನಿಧಾನದಲ್ಲೇ.

ನಿಧಾನಕ್ಕೆ ಶತ್ರು ಸೆಕೆ. ಬೋರ್ಡೊದ ನೆಲಮಾಳಿಗೆಗಳು 12, 13 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ವರ್ಷವಿಡೀ ತಣ್ಣಗಿರುತ್ತವೆ. ದಕ್ಷಿಣ ಕ್ಯಾಲಿಫೋರ್ನಿಯಾದ ಬಹುತೇಕ ಮನೆಗಳಿಗೆ ನೆಲಮಾಳಿಗೆಯೇ ಇಲ್ಲ. ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟದ ಊರಿನಲ್ಲಿ ಆಳವಾದ ತಳಪಾಯ ತೋಡುವ ಅಗತ್ಯ ಬೀಳಲಿಲ್ಲ. ಇರುವುದು ಗ್ಯಾರೇಜು. ಲಾಸ್ ಏಂಜಲೀಸಿನ ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿ 2020ರ ಸೆಪ್ಟೆಂಬರ್ 6ರಂದು ತಾಪ 121 ಫ್ಯಾರನ್‌ಹೀಟ್, ಅಂದರೆ 49 ಡಿಗ್ರಿ ಸೆಲ್ಸಿಯಸ್ ದಾಟಿತು. ಅಂಥ ದಿನ ತಗಡಿನ ಬಾಗಿಲಿನ ಗ್ಯಾರೇಜಿನಲ್ಲಿ ಲಫೀತ್ ಇದ್ದರೇನು, ಪೆಟ್ರೋಲ್ ಕ್ಯಾನ್ ಇದ್ದರೇನು! ಸ್ಯಾನ್ ಡಿಯಾಗೊದ ಸಮುದ್ರದಂಚು ತಂಪು. ಅಲ್ಲಿಂದ ಒಳನಾಡಿಗೆ ಒಂದು ಗಂಟೆ ಹೋದರೆ ಸಿಗುವ ರಮೋನಾ ಕಣಿವೆ ಬೇಸಿಗೆಯಲ್ಲಿ ಸುಡುತ್ತದೆ. 2006ರಲ್ಲಿ ಅಧಿಕೃತ ವೈನ್ ಪ್ರದೇಶವೆಂದು ಮನ್ನಣೆ ಪಡೆದ ಆ ಕಣಿವೆಯಲ್ಲಿ ಬಳ್ಳಿ ಆ ಸುಡುಬಿಸಿಲನ್ನು ಸಹಿಸುತ್ತದೆ, ಬಾಟಲಿ ಸಹಿಸುವುದಿಲ್ಲ.

ತಾಪ 10 ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಗಳ ವೇಗ ಸುಮಾರಾಗಿ ಇಮ್ಮಡಿ ಎನ್ನುವುದು ಹಳೆಯ ಲೆಕ್ಕ. 13ರ ಬದಲು 33 ಡಿಗ್ರಿಯಲ್ಲಿಟ್ಟರೆ ನಾಲ್ಕು ಪಟ್ಟು. ಹಾಗಾದರೆ 20 ವರ್ಷ ಕಾಯಬೇಕಾದ ವೈನನ್ನು 5 ವರ್ಷ ಸೆಕೆಯಲ್ಲಿಟ್ಟು ಮಾಗಿಸಬಹುದಲ್ಲ? ಆಗುವುದಿಲ್ಲ, ಯಾಕೆಂದರೆ ಎಲ್ಲ ಕ್ರಿಯೆಗಳೂ ಒಂದೇ ಪ್ರಮಾಣದಲ್ಲಿ ವೇಗ ಪಡೆಯುವುದಿಲ್ಲ. ಪರಿಮಳ ಕಟ್ಟುವ ಕ್ರಿಯೆ ಎರಡು ಪಟ್ಟಾಗುವಷ್ಟರಲ್ಲಿ ಕೆಡಿಸುವ ಕ್ರಿಯೆ ಮೂರು ಪಟ್ಟಾಗಿರಬಹುದು. ಅವಸರದಲ್ಲಿ ಮಾಗಿದ ವೈನ್ ಬೇಯಿಸಿದ ಒಣದ್ರಾಕ್ಷಿಯ ವಾಸನೆ ಹೊಡೆಯುತ್ತದೆ. ಮೇಲಾಗಿ ದ್ರವ ಹಿಗ್ಗುತ್ತದೆ. 750 ಮಿಲಿಲೀಟರ್ ವೈನ್ 20 ಡಿಗ್ರಿ ಬಿಸಿಯಾದರೆ ಸುಮಾರು 5 ಮಿಲಿಲೀಟರ್ ಹಿಗ್ಗುತ್ತದೆ. ಕಾರ್ಕಿನ ಕೆಳಗಿನ ಖಾಲಿ ಜಾಗ ಇರುವುದೇ ಹೆಚ್ಚುಕಡಿಮೆ ಅಷ್ಟು. ಹಗಲು ಕಾರ್ಕ್ ಹೊರಕ್ಕೆ ಒತ್ತಿ, ರಾತ್ರಿ ತಂಪಿಗೆ ಗಾಳಿ ಒಳಕ್ಕೆಳೆದರೆ ಮುಗಿಯಿತು. ಬಾಟಲಿಯ ಕತ್ತಿನ ಹೊರಗೆ ಅಂಟಂಟು ಕಲೆ ಇದ್ದರೆ, ಕಾರ್ಕ್ ತುಸು ಉಬ್ಬಿದ್ದರೆ ಆ ವೈನ್ ಎಂದೋ ಸೆಕೆ ತಿಂದಿದೆ ಎಂದು ಸಂಶಯ ಪಡಬೇಕು.

ಗೃಹಪ್ರವೇಶಕ್ಕೆ ಬಂದ ಒಳ್ಳೆಯ ವೈನ್ ಬಾಟಲಿಯನ್ನು ಕುಡಿಯದವರ ಮನೆಯಲ್ಲಿ ಸಾಮಾನ್ಯವಾಗಿ ಫ್ರಿಜ್ಜಿನ ತಲೆಯ ಮೇಲೆ ನಿಲ್ಲಿಸುತ್ತಾರೆ. ದಕ್ಷಿಣ ಕ್ಯಾಲಿಫೋರ್ನಿಯಾದ ಇರ್ವೈನ್‌ನ ಕನ್ನಡ ಮನೆಯಾಗಲಿ ಬೆಂಗಳೂರಿನ ಜಯನಗರವಾಗಲಿ, ಅದಕ್ಕಿಂತ ಕೆಟ್ಟ ಜಾಗ ಹುಡುಕುವುದು ಕಷ್ಟ. ಬಿಸಿ, ಬೆಳಕು, ಅದುರು ಮೂರೂ ಅಲ್ಲಿವೆ. ನೆಟ್ಟಗೆ ನಿಂತ ಬಾಟಲಿಯಲ್ಲಿ ವರ್ಷಗಳುರುಳಿದರೆ ಕಾರ್ಕ್ ಒಣಗುವುದು ಬೇರೆ. ಲಾಸ್ ಏಂಜಲೀಸಿನ ಸಂಗ್ರಾಹಕರು ತಣ್ಣನೆಯ ಗೋದಾಮುಗಳಲ್ಲಿ ತಿಂಗಳ ಬಾಡಿಗೆಗೆ ಕಪಾಟು ಹಿಡಿಯುತ್ತಾರೆ. ಉಳಿದವರಿಗೆ ವೈನಿಗೆಂದೇ ಮಾಡಿದ ಸಣ್ಣ ಫ್ರಿಜ್ಜು ಸಾಕು. ಅದೂ ಇಲ್ಲದವರು ಇಡಲೇಬಾರದು, ಕುಡಿದು ಮುಗಿಸಬೇಕು. ಅಂಗಡಿಯಲ್ಲಿ ಸಿಗುವ ವೈನಿನಲ್ಲಿ ಬಹುಪಾಲು ಒಂದೆರಡು ವರ್ಷದಲ್ಲಿ ಕುಡಿಯಲೆಂದೇ ಮಾಡಿದ್ದು. ಇಟ್ಟಷ್ಟೂ ಒಳ್ಳೆಯದೆಂಬ ನಂಬಿಕೆ ಮೆಡೊಕ್‌ನ ಬೆರಳೆಣಿಕೆಯ ತೋಟಗಳಿಂದ ಎಲ್ಲ ಬಾಟಲಿಗಳಿಗೂ ಅಂಟಿಕೊಂಡಿದೆ. ನಂದಿ ಬೆಟ್ಟದ ಬುಡದಲ್ಲಿ 1988ರಲ್ಲಿ ಆರಂಭವಾದ ಗ್ರೋವರ್ ವೈನ್ ತೋಟಕ್ಕೆ ಬೋರ್ಡೊದ ಪ್ರಖ್ಯಾತ ಸಲಹೆಗಾರ ಮಿಶೆಲ್ ರೋಲಾನ್ ಬಂದು ಕ್ಯಾಬರ್ನೆ, ಶಿರಾಜ್ ಬೆರೆಸಿದ ವೈನಿಗೆ ಹದ ಕೂಡಿಸಿದ್ದುಂಟು. ಅಂಥ ಕೆಂಪು ವೈನಿಗೂ ನಮ್ಮ ಏಪ್ರಿಲ್ ತಿಂಗಳ ಅಟ್ಟ ಒಗ್ಗದು.

ಇಷ್ಟೆಲ್ಲ ಜೋಪಾನ ಮಾಡಿದ ಮೇಲೆ ಕುಡಿಯುವವರಿಗೆ ಏನು ತಿಳಿಯುತ್ತದೆ? ಇಲ್ಲಿ ಎರಡು ಗುಂಪುಗಳ ನಡುವೆ ಜಗಳ. ಒಂದು ಗುಂಪು ಲೋಟ ಆಡಿಸಿ ಮೂಸಿ ಕಪ್ಪು ಕರಂಟು, ಪೆನ್ಸಿಲ್ ಸೀಸ, ಸಿಗಾರ್ ಡಬ್ಬಿ ಎಂದು ಪಟ್ಟಿ ಓದುತ್ತದೆ. ಇನ್ನೊಂದು ಗುಂಪು ಇದೆಲ್ಲ ಬೂಟಾಟಿಕೆ ಎಂದು ನಗುತ್ತದೆ. ಎರಡನೆಯವರ ಪರವಾಗಿ ಹೇಳುವುದು ಬಹಳ ಇದೆ, ಆದರೆ ಅವರೂ ಪೂರ್ತಿ ಸರಿಯಲ್ಲ. ಬಲಿಯದ ಕ್ಯಾಬರ್ನೆಯಲ್ಲಿ ಬರುವ ಹಸಿ ದೊಣ್ಣೆಮೆಣಸಿನಕಾಯಿಯ ವಾಸನೆ ಕಲ್ಪನೆಯಲ್ಲ. ದೊಣ್ಣೆಮೆಣಸಿನಲ್ಲಿರುವ ಪಿರಾಜಿನ್ ಅಣುವೇ ದ್ರಾಕ್ಷಿಯಲ್ಲೂ ಇದೆ. ಅದು ಸೊವಿನ್ಯಾಂ ಬ್ಲಾಂಕ್‌ನಲ್ಲೂ ಕ್ಯಾಬರ್ನೆ ಫ್ರಾಂಕ್‌ನಲ್ಲೂ ಎದ್ದು ಕಾಣುವ ಗುಣ, ಮಗುವಿಗೆ ಹೆತ್ತವರಿಬ್ಬರಿಂದಲೂ ಬಂದದ್ದು. ಲೀಟರಿಗೆ ಹತ್ತಾರು ನ್ಯಾನೊಗ್ರಾಂ ಇದ್ದರೂ ಮೂಗು ಹಿಡಿಯುತ್ತದೆ. ಕೆಟ್ಟ ಕಾರ್ಕಿನಿಂದ ಬರುವ ಒದ್ದೆ ರಟ್ಟಿನ ವಾಸನೆಗೆ ಕಾರಣ ಟ್ರೈಕ್ಲೋರೊಅನಿಸೋಲ್ ಎಂಬ ವಸ್ತು. ಇನ್ನೂ ಕಡಿಮೆ ಪ್ರಮಾಣದಲ್ಲಿ ಇಡೀ ಬಾಟಲಿ ಹಾಳು ಮಾಡಬಲ್ಲದು. ರುಚಿ ನೋಡಲು ತುಸುವೇ ಬಗ್ಗಿಸಿ ಮೊದಲು ಮೂಸುವುದರ ಮುಖ್ಯ ಉದ್ದೇಶ ಇದೇ. ಬಾಯಿಗೆ ಹಾಕಿದ ಮೇಲೂ ಗಂಟಲ ಹಿಂದಿನಿಂದ ಆವಿ ಮೂಗಿಗೆ ಏರುತ್ತದೆ, ನಾವು ರುಚಿ ಎಂದುಕೊಳ್ಳುವ ಬಹುಪಾಲು ಆ ದಾರಿಯದ್ದು. ನೆಗಡಿಯಾದವರ ಮುಂದೆ ಬೋರ್ಡೊ ತೆರೆಯುವುದು ದಂಡ.

ತೊಂದರೆಯಿರುವುದು ಮೂಗಿನಲ್ಲಲ್ಲ, ಮೂಗಿಗೆ ಯಜಮಾನನಾದ ಮಿದುಳಿನಲ್ಲಿ. 2001ರಲ್ಲಿ ಬೋರ್ಡೊದಲ್ಲೇ ಫ್ರೆಡ್ರಿಕ್ ಬ್ರೋಶೆ ಮತ್ತು ಸಂಗಡಿಗರು ವೈನ್ ವಿಜ್ಞಾನ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಹಾಕಿದ ಬಿಳಿ ವೈನ್ ಕೊಟ್ಟ ಪ್ರಯೋಗ ಪ್ರಕಟವಾಯಿತು. ಬಿಳಿಯಾಗಿದ್ದಾಗ ಅದರಲ್ಲಿ ಜೇನು, ನಿಂಬೆ ಕಂಡವರು ಕೆಂಪಾದ ಮೇಲೆ ಕೆಂಪು ವೈನಿನ ಪದಗಳನ್ನೇ ಬರೆದರು.

ಬೆಲೆಯ ಪ್ರಯೋಗ ನಡೆದದ್ದು ಲಾಸ್ ಏಂಜಲೀಸ್ ಮಗ್ಗುಲಿನ ಪ್ಯಾಸಡೀನದಲ್ಲಿ, ತಂತ್ರಜ್ಞಾನ ವಿಶ್ವವಿದ್ಯಾಲಯವಾದ ಕ್ಯಾಲ್‌ಟೆಕ್‌ನಲ್ಲಿ. ಹಿಲ್ಕೆ ಪ್ಲಾಸ್‌ಮನ್, ಆಂಟೋನಿಯೊ ರೇಂಜಲ್ ಮತ್ತು ಸಹೋದ್ಯೋಗಿಗಳು 20 ಜನರನ್ನು ಮಿದುಳಿನ ಸ್ಕ್ಯಾನರಿನೊಳಗೆ ಮಲಗಿಸಿ, ನಳಿಗೆಯಿಂದ ಬಾಯಿಗೆ ಕ್ಯಾಬರ್ನೆ ಸೊವಿನ್ಯಾಂ ತೊಟ್ಟಿಕ್ಕಿಸಿದರು. ಬೇರೆ ಬೇರೆ ಬೆಲೆಯ ಐದು ವೈನ್ ಎಂದು ಹೇಳಿದ್ದರು. ನಿಜವಾಗಿ ಇದ್ದದ್ದು ಮೂರೇ. 5 ಡಾಲರಿನ ವೈನನ್ನು ಒಮ್ಮೆ ಸರಿಯಾದ ಬೆಲೆಗೆ, ಒಮ್ಮೆ 45 ಡಾಲರ್ ಎಂದು ಕೊಟ್ಟರು. 90 ಡಾಲರಿನದನ್ನು ಒಮ್ಮೆ 10 ಡಾಲರ್ ಎಂದರು. ಜನ ದುಬಾರಿ ಬೆಲೆ ಕೇಳಿದಾಗ ಹೆಚ್ಚು ಇಷ್ಟಪಟ್ಟರು ಎಂಬುದರಲ್ಲಿ ಸೋಜಿಗವಿಲ್ಲ. ಸುಳ್ಳು ಹೇಳಿ ಮರ್ಯಾದೆ ಉಳಿಸಿಕೊಂಡರು ಅನ್ನಬಹುದಿತ್ತು. 2008ರಲ್ಲಿ ಪ್ರಕಟವಾದ ಫಲಿತಾಂಶ ಆ ಸಬೂಬನ್ನು ಕಿತ್ತುಕೊಂಡಿತು. ಸುಖದ ಅನುಭವ ಅಳೆಯುವ ಮಿದುಳಿನ ಮುಂಭಾಗದ ಒಂದು ಪ್ರದೇಶವೇ ದುಬಾರಿ ಬೆಲೆಗೆ ಹೆಚ್ಚು ಚುರುಕಾಗಿತ್ತು. ನಾಲಿಗೆಯಿಂದ ಬರುವ ಸುದ್ದಿಯನ್ನು ಮೊದಲು ಪಡೆಯುವ ಭಾಗಗಳಲ್ಲಿ ವ್ಯತ್ಯಾಸವಿರಲಿಲ್ಲ. ಅಂದರೆ ಬೆಲೆ ರುಚಿಯನ್ನು ಬದಲಿಸಲಿಲ್ಲ, ಸಂತೋಷವನ್ನು ನಿಜವಾಗಿಯೇ ಹೆಚ್ಚಿಸಿತು. ದುಡ್ಡು ಕೊಟ್ಟವರು ನಟಿಸುತ್ತಿರಲಿಲ್ಲ.

ಇದನ್ನು ಪ್ರಯೋಗಾಲಯವಿಲ್ಲದೆ ಅರ್ಥ ಮಾಡಿಕೊಂಡಿದ್ದವನು ಕ್ಯಾಲ್‌ಟೆಕ್‌ನಿಂದ ಕೂಗಳತೆಯಲ್ಲೇ ಇದ್ದ. ಇಂಡೊನೇಶ್ಯಾ ಮೂಲದ ರೂಡಿ ಕುರ್ನಿಯಾವನ್ ಲಾಸ್ ಏಂಜಲೀಸಿನ ಶ್ರೀಮಂತ ವೈನ್ ಕೂಟಗಳ ಕಣ್ಮಣಿ. ಅವನ ಸಂಗ್ರಹದ ಬಾಟಲಿಗಳು 2006ರಲ್ಲಿ ಎರಡೇ ಹರಾಜುಗಳಲ್ಲಿ ಸುಮಾರು 3.5 ಕೋಟಿ ಡಾಲರಿಗೆ ಹೋದವು. 2008ರ ಏಪ್ರಿಲ್‌ನಲ್ಲಿ ಬರ್ಗಂಡಿಯ ವೈನ್ ತಯಾರಕ ಲೊರಾಂ ಪೊನ್ಸೊ ನ್ಯೂಯಾರ್ಕಿನ ಹರಾಜಿಗೆ ಖುದ್ದಾಗಿ ಬಂದು ರೂಡಿ ಮಾರಲಿಟ್ಟಿದ್ದ, ತನ್ನ ಮನೆತನದ ಹೆಸರಿನ ಬಾಟಲಿಗಳನ್ನು ಹಿಂದೆಗೆಸಿದರು. ಅವುಗಳಲ್ಲಿ ಕೆಲವು, ಮನೆತನ ಆ ವೈನ್ ಮಾಡಲು ಶುರು ಮಾಡುವುದಕ್ಕೂ ದಶಕಗಳ ಹಿಂದಿನ ವರ್ಷ ಹೊತ್ತಿದ್ದವು! 2012ರ ಮಾರ್ಚ್ 8ರಂದು ಎಫ್‌ಬಿಐ ಅವನ ಆರ್ಕೇಡಿಯದ ಮನೆಗೆ ನುಗ್ಗಿದಾಗ ಅಡುಗೆಮನೆಯ ಸಿಂಕಿನಲ್ಲಿ ಚೀಟಿ ಬಿಡಿಸಲು ನೆನೆಹಾಕಿದ್ದ ಬಾಟಲಿಗಳು, ಪೆಟ್ರೂಸ್, ಲಾಫ್ಲರ್ ಮೊದಲಾದ ಬೋರ್ಡೊ ದಿಗ್ಗಜರ ಸಾವಿರಾರು ಮುದ್ರಿತ ಚೀಟಿಗಳು, ಹಳೆ ಕಾರ್ಕು, ಅರಗು, ರಬ್ಬರ್ ಮುದ್ರೆ ಸಿಕ್ಕವು. ಅವನ ಕೈಚಳಕ ಸರಳ: ವಯಸ್ಸಿನ ವಾಸನೆಗೆ ಬಸವಳಿದ ಹಳೆ ಫ್ರೆಂಚ್ ವೈನ್, ಹಣ್ಣಿನ ಕಸುವಿಗೆ ಕ್ಯಾಲಿಫೋರ್ನಿಯಾದ ಹೊಸ ವೈನ್. ಬೋರ್ಡೊದ ಮೂತೊನ್ ತೋಟದ 1945ರ ವೈನ್ ನಿಜಕ್ಕೂ ಹೇಗಿರುತ್ತದೆಂದು ಬಲ್ಲವರು ಕೈಬೆರಳಷ್ಟು ಜನ. ಉಳಿದವರಿಗೆ ಚೀಟಿ ರುಚಿಸಿತು. 2013ರಲ್ಲಿ ಅಪರಾಧಿಯೆಂದು ತೀರ್ಪಾಗಿ, 2014ರಲ್ಲಿ 10 ವರ್ಷ ಶಿಕ್ಷೆಯಾಯಿತು.

ನಾಲಿಗೆ ಸೋತಲ್ಲಿ ಪರಮಾಣು ಸಾಕ್ಷಿ ಹೇಳಬಲ್ಲದು. ಕಾರ್ಬನ್-14ರಿಂದ ಕಾಲ ಅಳೆಯುವ ವಿಧಾನಕ್ಕೆ 1960ರಲ್ಲಿ ನೊಬೆಲ್ ಪಡೆದಾಗ ವಿಲರ್ಡ್ ಲಿಬಿ ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯವಾದ ಯುಸಿಎಲ್‌ಎಯಲ್ಲಿದ್ದರು. ದ್ರಾಕ್ಷಿ ತನ್ನ ಸಕ್ಕರೆಯ ಇಂಗಾಲವನ್ನು ಆ ವರ್ಷದ ಗಾಳಿಯಿಂದಲೇ ಪಡೆಯುತ್ತದೆ; ಆ ಸಕ್ಕರೆಯೇ ಆಲ್ಕೋಹಾಲ್ ಆಗುತ್ತದೆ. ವಾಯುಮಂಡಲದ ಅಣುಬಾಂಬ್ ಪರೀಕ್ಷೆಗಳಿಂದ 1963ರ ಹೊತ್ತಿಗೆ ಗಾಳಿಯ ಕಾರ್ಬನ್-14 ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು, ಪರೀಕ್ಷಾ ನಿಷೇಧದ ಮೇಲೆ ಇಳಿಯುತ್ತ ಬಂತು. ಹಾಗಾಗಿ 1945ರದ್ದೆಂದು ಚೀಟಿ ಹಚ್ಚಿದ ಬಾಟಲಿಯಲ್ಲಿ 1988ರ ವೈನ್ ಇದ್ದರೆ ಯಂತ್ರ ತಕ್ಷಣ ಹೇಳುತ್ತದೆ. ಬೋರ್ಡೊದ ಭೌತವಿಜ್ಞಾನಿ ಫಿಲಿಪ್ ಹ್ಯೂಬೆರ್ ಇನ್ನೂ ಚಂದದ ದಾರಿ ಕಂಡುಕೊಂಡರು. ಅದೇ ಬಾಂಬುಗಳು ಚೆಲ್ಲಿದ ಸೀಸಿಯಂ-137 ಹೊರಸೂಸುವ ಗಾಮಾ ಕಿರಣ ಗಾಜನ್ನು ದಾಟಿ ಬರುತ್ತದೆ, ಕಾರ್ಕ್ ತೆರೆಯಬೇಕಿಲ್ಲ. ಅಮೆರಿಕದ ಅಧ್ಯಕ್ಷ ಜೆಫರ್ಸನ್‌ಗೆ ಸೇರಿದ್ದೆಂದು ಮಾರಿದ 18ನೇ ಶತಮಾನದ ಬಾಟಲಿಯೊಂದರಲ್ಲಿ ಅವರಿಗೆ ಸೀಸಿಯಂ ಸಿಗಲಿಲ್ಲ. ಅಷ್ಟರಿಂದ ತಿಳಿದದ್ದು ವೈನ್ ಅಣುಯುಗಕ್ಕಿಂತ ಹಳೆಯದೆಂದು ಮಾತ್ರ. ಗಾಜಿನ ಮೇಲಿನ ಅಕ್ಷರ ಕೊರೆದದ್ದು ಆಧುನಿಕ ಯಂತ್ರವೆಂದು ಕೊಂಡವರ ಪತ್ತೇದಾರರು ಬೇರೆ ದಾರಿಯಿಂದ ಕಂಡುಕೊಂಡರು.

ಕಾರ್ಬನ್-14ರ ಸಾಕ್ಷಿಗೆ ಈಗ ಒಂದು ತೊಡಕು ಬಂದಿದೆ. ಕಲ್ಲಿದ್ದಲು, ಪೆಟ್ರೋಲಿನಲ್ಲಿರುವ ಇಂಗಾಲ ಕೋಟ್ಯಂತರ ವರ್ಷ ಹಳೆಯದು, ಅದರಲ್ಲಿ ಕಾರ್ಬನ್-14 ಉಳಿದೇ ಇಲ್ಲ. ಅದನ್ನು ಸುಟ್ಟಷ್ಟೂ ಗಾಳಿಯಲ್ಲಿ ಅದರ ಪಾಲು ತೆಳುವಾಗುತ್ತದೆ. ಮರದ ಉಂಗುರಗಳಲ್ಲಿ ಇದನ್ನು ಮೊದಲು ಗುರುತಿಸಿದ ಹಾನ್ಸ್ ಸೂಸ್ 1955ರಲ್ಲಿ ಲಾ ಹೋಯಾಕ್ಕೆ ಬಂದು ಸ್ಕ್ರಿಪ್ಸ್ ಸಾಗರ ಸಂಸ್ಥೆಯಲ್ಲಿ ನೆಲೆಸಿದರು. ಅದೇ ಸಂಸ್ಥೆಯ ಚಾರ್ಲ್ಸ್ ಕೀಲಿಂಗ್ 1958ರಿಂದ ಗಾಳಿಯ ಇಂಗಾಲದ ಡೈಆಕ್ಸೈಡ್ ಏರುವುದನ್ನು ಬರೆದಿಟ್ಟರು. ಬಾಂಬಿನ ಕಾರ್ಬನ್ ಸಾಗರ, ಕಾಡುಗಳಲ್ಲಿ ಹಂಚಿಹೋಗಿ, ಮೇಲಿಂದ ಹೊಗೆ ಸೇರಿ, 2020ರ ಆಸುಪಾಸಿಗೆ ಗಾಳಿಯ ಅಂಶ ಬಾಂಬುಗಳಿಗೂ ಹಿಂದಿನ ಮಟ್ಟಕ್ಕೆ ಇಳಿದಿದೆ. ಇತ್ತೀಚಿನ ಕೊಯ್ಲಿನ ವೈನನ್ನು 1945ರ ಚೀಟಿಯಡಿ ತುಂಬಿದವನನ್ನು ಹಿಡಿಯಲು ಆ ಒಂದು ಅಳತೆ ಇನ್ನು ಸಾಲದು. ಸೀಸಿಯಮ್ಮಿನ ಉಳಿಕೆ, ಗಾಜಿನ ಅಚ್ಚು, ಚೀಟಿಯ ಕಾಗದ, ಅಂಟು, ಕಾರ್ಕಿನ ಉದ್ದ ಎಲ್ಲವನ್ನೂ ಒಂದೊಂದಾಗಿ ಪರೀಕ್ಷಿಸಬೇಕು.